ಉಂಗುರದ ಬೆರಳು

‘ಬಹುಮುಖ ಪ್ರತಿಭೆ’ ಎಂದು ಬರೆದವರು ಯಾರು ಎಂಬ ಪ್ರಶ್ನೆ ಬೆಳಿಗ್ಗೆ ಎದ್ದಾಗಿನಿಂದ ಅವನನ್ನು ಕೊರೆಯುತ್ತಿತ್ತು. ಸಂಜೆಯ ಸನ್ಮಾನದ ಆಮಂತ್ರಣ ಊಟದ ಮೇಜಿನ ಮೇಲೆ ಕಾಫಿ ಲೋಟದ ಕೆಳಗೆ ಸಿಕ್ಕಿಕೊಂಡಿತ್ತು. ಲೋಟ ಎತ್ತಿದರೆ ಆ ಎರಡು ಪದಗಳ ಮೇಲೆ ಕಂದು ಬಳೆಯೊಂದು ಮೂಡಿತ್ತು. ಶಾಸ್ತ್ರೀಯ ಗಿಟಾರ್ ವಾದಕ, ಸಂಯೋಜಕ, ಅಧ್ಯಾಪಕ, ಇಷ್ಟರವರೆಗೆ ಅವನ ತಕರಾರಿರಲಿಲ್ಲ. ಆಮೇಲಿನದು ಹೊಗಳಿಕೆಯೋ ಮೂದಲಿಕೆಯೋ ಗೊತ್ತಾಗಲಿಲ್ಲ. ಒಂದು ಮುಖ ನೆಟ್ಟಗಿದ್ದವನಿಗೆ ಬಹಳ ಮುಖ ಯಾಕೆ ಬೇಕು? ನಾಟಕದವರು ಕರೆದರೆ ನಾಟಕಕ್ಕೆ, ಸಿನಿಮಾದವರು ಕರೆದರೆ ಸಿನಿಮಾಕ್ಕೆ, ಸೋಪಿನ ಜಾಹೀರಾತಿಗೆ, ರೇಡಿಯೋದ ಮಕ್ಕಳ ಕಾರ್ಯಕ್ರಮಕ್ಕೆ, ಹೀಗೆ ಹೋದ ಕಡೆಯಲ್ಲೆಲ್ಲ ಅವರಿಗೆ ಬೇಕಾದ ಹಾಗೆ ನುಡಿಸಿ ಬಂದದ್ದು ನಿಜ. ಕಾಲೇಜಿನಲ್ಲಿ ಪಿಟೀಲು ಕಲಿಸುವವನು ಒಮ್ಮೆ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, ‘ನಮ್ಮ ಗಿಟಾರಿನವರು ಉಪ್ಪಿದ್ದ ಹಾಗೆ. ಎಲ್ಲದಕ್ಕೂ ಬೇಕು, ಆದರೆ ಬರೀ ಉಪ್ಪನ್ನ ಯಾರೂ ತಿನ್ನಲ್ಲ’ ಎಂದಿದ್ದ. ಎಲ್ಲರೂ ನಕ್ಕರು. ಅವನೂ ನಕ್ಕಿದ್ದ. ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಕ್ಕೆನೇನೋ ಎಂಬ ಅನುಮಾನ ಇವತ್ತಿಗೂ ಹೋಗಿರಲಿಲ್ಲ. ಆಮಂತ್ರಣ ಬರೆದವನು ಆ ಪಿಟೀಲಿನವನೇ ಇರಬೇಕು. ಅಥವಾ ಪ್ರಿನ್ಸಿಪಾಲರು. ಅಥವಾ, ಎಂದುಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿಯ ದನಿ ಕೇಳಿಸಿತು. ಫೋನಿನಲ್ಲಿ ಮಾತಾಡುತ್ತಿದ್ದಳು. ‘ಇಲ್ಲ, ಏನೂ ಹೇಳಿಲ್ಲ. ನಾನೂ ಕೇಳೋಕೆ ಹೋಗಿಲ್ಲ.’ ಖಾಲಿ ಲೋಟ ಹಿಡಿದು ಅವನು ಬಾಗಿಲಲ್ಲಿ ಕಾಣಿಸಿಕೊಂಡದ್ದೇ, ‘ಸರಿ, ಆಮೇಲೆ ಮಾಡ್ತೀನಿ’ ಎಂದು ಇಟ್ಟುಬಿಟ್ಟಳು.

‘ಯಾರದು?’

‘ಮಗಳು.’

‘ಇಷ್ಟು ಹೊತ್ತಿಗಾ?’

‘ಮಗಳು ಅಮ್ಮನಿಗೆ ಫೋನ್ ಮಾಡೋಕೆ ಮುಹೂರ್ತ ನೋಡಬೇಕಾ?’ ಎಂದು ಅವಳು ಲೋಟ ಇಸಿದುಕೊಂಡು ತೊಳೆಯತೊಡಗಿದಳು. ಸಿಟ್ಟು ಬಂದಾಗ ಅವಳು ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆಯುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಲೋಟ ಎರಡನೆಯ ಸಲ ನಲ್ಲಿಯ ಕೆಳಗೆ ಹೋಯಿತು.

ಅವನು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಕಿಟಕಿಯ ಬೆಳಕಿಗೆ ಬಲಗೈ ಹಿಡಿದು ಉಗುರುಗಳನ್ನು ಸಣ್ಣ ಅರದಿಂದ ತೀಡಿದ. ಹೆಬ್ಬೆರಳು, ತೋರುಬೆರಳು, ನಡುಬೆರಳು ಆದ ಮೇಲೆ ಉಂಗುರದ ಬೆರಳಿಗೆ ಬಂದಾಗ ಕೈ ತಾನಾಗಿಯೇ ನಿಧಾನವಾಯಿತು. ಮನೆ ಬಿಟ್ಟು ಹೋಗಲಿರುವ ಮಗನಿಗೆ ತಾಯಿ ಒಂದು ಸೌಟು ಹೆಚ್ಚು ಬಡಿಸುವ ಹಾಗೆ, ಆ ಬೆರಳಿಗೆ ಅವನು ಈಚೆಗೆ ಹೆಚ್ಚು ಉಪಚಾರ ಮಾಡುತ್ತಿದ್ದ. ಆ ಬೆರಳು ಪೆನ್ನು ಹಿಡಿಯುತ್ತಿತ್ತು, ಅಂಗಿಯ ಗುಂಡಿ ಹಾಕುತ್ತಿತ್ತು, ಬೀಗ ತಿರುಗಿಸುತ್ತಿತ್ತು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಉಳಿದ ಬೆರಳುಗಳ ಜೊತೆ ಸಾಚಾನಂತೆ ಸಾಲಾಗಿ ಕೂರುತ್ತಿತ್ತು. ತಂತಿಯ ಮೇಲೆ ತಂದು ನಿಲ್ಲಿಸಿದರೆ ಮಾತ್ರ, ಮುಟ್ಟಿದರೆ ಸುರುಳಿಯಾಗುವ ಹುಳುವಿನಂತೆ ಮೆಲ್ಲಗೆ ಅಂಗೈಯೊಳಗೆ ಮಡಚಿಕೊಳ್ಳುತ್ತಿತ್ತು. ಮೊದಲ ಸಲ ಹಾಗಾದದ್ದು ಎರಡು ವರ್ಷದ ಹಿಂದೆ ಸ್ಟುಡಿಯೋದಲ್ಲಿ, ಯಾವುದೋ ಸಿನಿಮಾದ ಸಾವಿನ ದೃಶ್ಯಕ್ಕೆ ನುಡಿಸುತ್ತಿದ್ದಾಗ. ಗಾಜಿನ ಆಚೆ ಕೂತಿದ್ದ ರೆಕಾರ್ಡಿಂಗಿನವನು, ‘ಇನ್ನೊಂದ್ಸಲ ಹೋಗೋಣ ಸರ್’ ಎಂದ. ಇನ್ನೊಂದು ಸಲ. ಮತ್ತೊಂದು ಸಲ. ಕೊನೆಗೆ ‘ಪರವಾಗಿಲ್ಲ ಬಿಡಿ ಸರ್, ಮೇಲೆ ಅಳು ಬರುತ್ತೆ, ಮುಚ್ಚಿಹೋಗುತ್ತೆ’ ಎಂದ. ಆಮೇಲೆ ಅಲ್ಲಿಂದ ಕರೆ ಬರಲಿಲ್ಲ. ಆ ಚಿತ್ರದವರಿಗೆ ಕೆಲಸ ಇರಲಿಲ್ಲವೋ, ಆ ಗಾಜಿನ ಹಿಂದಿನವನು ಊರಿಗೆಲ್ಲ ಹೇಳಿದನೋ? ಡಾಕ್ಟರು ಕೈಯನ್ನು ಹಿಂದೆ ಮುಂದೆ ತಿರುಗಿಸಿ, ಮೇಜಿನ ಮೇಲೆ ಬೆರಳು ಕುಟ್ಟಿಸಿ ನೋಡಿ, ‘ಕೈ ಗಟ್ಟಿಮುಟ್ಟಾಗಿದೆ. ಮಿದುಳಿನಲ್ಲಿ ಒಂದು ಬೆರಳಿನ ಜಾಗ ಇನ್ನೊಂದರ ಜೊತೆ ಕಲಸಿಹೋಗಿರುತ್ತೆ, ಅಷ್ಟೆ. ಬಹಳ ಅಭ್ಯಾಸ ಮಾಡಿದವರಿಗೇ ಬರೋದು ಇದು’ ಎಂದಿದ್ದರು. ಕಾಯಿಲೆ ಹೇಳುತ್ತಿದ್ದಾರೋ ಪ್ರಶಸ್ತಿ ಕೊಡುತ್ತಿದ್ದಾರೋ ಅರ್ಥವಾಗದೆ ಎದ್ದು ಬಂದಿದ್ದ. ಯಾರಿಗೂ ಹೇಳಲಿಲ್ಲ. ಬೆರಳಿನ ಮೇಲೇ ಅವನಿಗೆ ಗುಮಾನಿ. ಇದು ಬೇಕೆಂದೇ ಮಾಡುತ್ತಿದೆ, ಇದಕ್ಕೆ ಯಾರೋ ಹೇಳಿಕೊಟ್ಟಿದ್ದಾರೆ.

ಅರ ಕೆಳಗಿಟ್ಟು ಅವನು ಮೂಲೆಯ ಹಾಡಿನ ಪೆಟ್ಟಿಗೆಯ ಗುಂಡಿ ಒತ್ತಿದ. ಗಿಟಾರು ಕೇಳಿಸತೊಡಗಿತು. ಅವನದೇ ಗಿಟಾರು, ಅವನದೇ ಕೈ, ವರ್ಷಗಳ ಹಿಂದೆ ಇದೇ ಕೋಣೆಯಲ್ಲಿ ಕಿಟಕಿ ತೆರೆದಿಟ್ಟು ಮಾಡಿಕೊಂಡ ರೆಕಾರ್ಡಿಂಗು. ಬಾಗಿಲಾಚೆ ಇರುವವಳಿಗೆ ಗಂಡ ಅಭ್ಯಾಸ ಮಾಡುತ್ತಿದ್ದಾನೆ ಎನ್ನಿಸಬೇಕು. ಅವನು ಕುರ್ಚಿಯಲ್ಲಿ ಕೈ ಕಟ್ಟಿ ಕೂತು, ಹೊಟ್ಟೆಕಿಚ್ಚಿನಿಂದ ಆ ಯುವಕನ ವಾದನವನ್ನು ಕೇಳಿದ. ಎಷ್ಟು ಸಲೀಸಾಗಿ ಓಡುತ್ತಿದ್ದ ಅವನು. ಏನೂ ಗೊತ್ತಿಲ್ಲದವನ ಹಾಗೆ.

ಬಸ್ಸಿನಲ್ಲಿ ಗಿಟಾರಿನ ಪೆಟ್ಟಿಗೆಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂತಾಗ ಹೆಂಡತಿ ಕೆಲಸ ಮಾಡುವ ಕನ್ನಡಕದ ಅಂಗಡಿ ದಾಟಿತು. ಇನ್ನೂ ಬಾಗಿಲು ತೆಗೆದಿರಲಿಲ್ಲ. ಹೋದ ತಿಂಗಳು ಇದೇ ಜಾಗದಲ್ಲಿ ಬಸ್ಸು ನಿಂತಿದ್ದಾಗ, ಗಾಜಿನೊಳಗೆ ಹೆಂಡತಿಯೂ ಎಡಚಿಯೂ ಮುಖಕ್ಕೆ ಮುಖ ತಗಲುವಷ್ಟು ಹತ್ತಿರ ಕೂತದ್ದನ್ನು ನೋಡಿದ್ದ. ಎಡಚಿ ಅವನ ಶಿಷ್ಯೆ. ಬರೆಯುವುದು, ಕತ್ತರಿ ಹಿಡಿಯುವುದು ಎಲ್ಲ ಎಡಗೈಯಲ್ಲಿ. ಗಿಟಾರನ್ನು ಮಾತ್ರ ಹಟ ಹಿಡಿದು ಬಲಗೈಯಲ್ಲಿ ಕಲಿತವಳು. ಕಾಲೇಜಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು, ಕರೆದರೆ ಅವಳಿಗೂ ಬೇಸರವಿದ್ದಂತೆ ಕಾಣುತ್ತಿರಲಿಲ್ಲ. ಮಾತು ಕಡಿಮೆ. ಓದು ಮುಗಿದ ಮೇಲೂ ಅವನ ಹತ್ತಿರ ಕಲಿಯಲು ಬರುತ್ತಿದ್ದಳು. ಕಡಿಮೆ ಮಾತಿನವರ ಬಗ್ಗೆ ಅವನಿಗೆ ಮೊದಲಿನಿಂದಲೂ ಭಯ, ಉಳಿಸಿಕೊಂಡ ಮಾತನ್ನೆಲ್ಲ ಎಲ್ಲಿ ಇಟ್ಟಿರುತ್ತಾರೋ. ಅವತ್ತು ಮನೆಗೆ ಬಂದು, ‘ಇವತ್ತು ಅಂಗಡಿಯಲ್ಲಿ ಯಾರು ಬಂದಿದ್ದರು?’ ಎಂದು ಸಹಜವಾಗಿ ಕೇಳಿದ್ದ. ಹೆಂಡತಿ, ‘ಕಣ್ಣು ಕಾಣದವರು’ ಎಂದಿದ್ದಳು.

ಈಚೆಗೆ ಅವನು ತರಗತಿಯಲ್ಲಿ ನುಡಿಸಿ ತೋರಿಸುತ್ತಿರಲಿಲ್ಲ. ‘ನೀವು ನುಡಿಸಿ, ನಾನು ಕೇಳ್ತೀನಿ’ ಎಂದು ಕಣ್ಣು ಮುಚ್ಚಿ ಕೂರುತ್ತಿದ್ದ. ಬೇರೆ ದಾರಿಯಿರಲಿಲ್ಲ. ತೋರಿಸಲಾಗದ್ದನ್ನು ಹೇಳಬೇಕಾಗಿ ಬಂದಾಗ, ಇಷ್ಟು ವರ್ಷ ಕೈ ಮಾಡುತ್ತಿದ್ದ ಕೆಲಸಕ್ಕೆ ಮಾತು ಹುಡುಕಬೇಕಾಯಿತು. ‘ಆ ಸ್ವರವನ್ನ ಎಳೀಬೇಡ, ಬಿಟ್ಟುಕೊಡು.’ ‘ಇಲ್ಲಿ ನಿನಗೆ ಏನು ಅವಸರ, ಯಾರು ಅಟ್ಟಿಸಿಕೊಂಡು ಬರ್ತಿದ್ದಾರೆ?’ ಮಕ್ಕಳು ಚೆನ್ನಾಗಿ ನುಡಿಸತೊಡಗಿದರು. ಇದು ಅವನಿಗೆ ಅರ್ಥವಾಗದ ಅವಮಾನವಾಗಿತ್ತು. ತಾನು ಕೈಯಾರೆ ತೋರಿಸುತ್ತಿದ್ದಾಗ ಮರದ ಗೊಂಬೆಗಳಂತೆ ನುಡಿಸುತ್ತಿದ್ದವರು, ತಾನು ಮೋಸ ಮಾಡಲು ಶುರುಮಾಡಿದ ಮೇಲೆ ಸಂಗೀತಗಾರರಾದರು. ಎಡಚಿ ಎಲ್ಲಿಯೋ ಹೋಗಿ ಮೊದಲ ಬಹುಮಾನ ತಂದಳು. ಪ್ರಿನ್ಸಿಪಾಲರು ಇದಕ್ಕೆ ‘ಆಲಿಸುವ ವಿಧಾನ’ ಎಂದು ಹೆಸರಿಟ್ಟು, ಬೇರೆ ಅಧ್ಯಾಪಕರಿಗೂ ಹೇಳಿಕೊಡಿ ಎಂದರು. ಅವರು ಹಾಗೆನ್ನುವಾಗ ತುಟಿಯ ಕೊನೆ ಸ್ವಲ್ಪ ಮೇಲೆ ಹೋಗಿತ್ತೇ?

ಸಭಾಂಗಣದಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಪ್ರಿನ್ಸಿಪಾಲರು ಮುಂದಿನ ಸಾಲಿನಲ್ಲಿ ಕೂತು ಯಾರಿಗೋ ಫೋನಿನಲ್ಲಿ ಹೂವಿನ ಬಗ್ಗೆ ಹೇಳುತ್ತಿದ್ದರು, ಪಿಟೀಲಿನವನು ಮೈಕಿನ ಮುಂದೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ವೇದಿಕೆಯ ಮೇಲೆ ಎರಡು ಕುರ್ಚಿ, ಎರಡು ಕಾಲುಮಣೆ. ಎಡಚಿ ಆಗಲೇ ಬಂದು ಶ್ರುತಿ ಮಾಡಿಕೊಂಡಿದ್ದಳು. ಅವನನ್ನು ನೋಡಿ ಎದ್ದು ನಿಂತಳು, ಅವನು ಕೂತ ಮೇಲೆ ಕೂತಳು. ನುಡಿಸಬೇಕಾಗಿದ್ದದ್ದು ಎರಡು ಗಿಟಾರುಗಳಿಗೆಂದು ಅವನೇ ಹಿಂದೆ ಬರೆದ ರಚನೆ. ಅದರ ನಡುವೆ ಒಂದು ಓಟವಿದೆ. ಮೆಟ್ಟಿಲ ಮೇಲೆ ಒಬ್ಬರನ್ನೊಬ್ಬರು ಹಿಡಿಯಲು ಓಡುವ ಮಕ್ಕಳಂತೆ ಸ್ವರಗಳು ಈ ಗಿಟಾರಿನಿಂದ ಆ ಗಿಟಾರಿಗೆ ಹಾರುತ್ತವೆ. ಬೆರಳು ಕೈಕೊಟ್ಟ ಮೇಲೆ ಗುಟ್ಟಾಗಿ ಕೂತು, ಉಂಗುರದ ಬೆರಳೇ ಬೇಡದ ಹಾಗೆ ಆ ಓಟವನ್ನು ತಿದ್ದಿ ನೋಡಿದ್ದ. ತಿದ್ದಿದ್ದು ಕುಂಟುತ್ತಿತ್ತು, ಅವನ ಕಿವಿಯೇ ಅದನ್ನು ಒಪ್ಪಲಿಲ್ಲ. ಹಳೆಯದನ್ನೇ ಇಟ್ಟುಕೊಂಡು, ಸನ್ಮಾನದ ದಿನ ಹೇಗೋ ದಾಟಿದರೆ ಸಾಕು ಎಂದುಕೊಂಡಿದ್ದ.

ತಾಲೀಮು ಶುರು ಮಾಡಿದರು. ಓಟ ಬಂತು. ಬೆರಳು ಮಡಚಿಕೊಂಡಿತು. ಆದರೆ ಸ್ವರ ಕೇಳಿಸಿತು.

ಮೊದಲ ಸಲ ಅವನು ಅದನ್ನು ತಂತಿಯ ಅನುರಣನ ಎಂದುಕೊಂಡ. ಎರಡನೆಯ ಸಲವೂ ಅಷ್ಟೆ, ಅವನ ಬೆರಳು ಅಂಗೈಯಲ್ಲಿ ಅಡಗಿ ಕೂತಿದೆ, ಸ್ವರ ಮಾತ್ರ ತನ್ನ ಜಾಗದಲ್ಲಿ ತಾನಿದೆ. ಓರೆಗಣ್ಣಿನಲ್ಲಿ ನೋಡಿದ. ಎಡಚಿ ತಲೆ ಬಗ್ಗಿಸಿ ನುಡಿಸುತ್ತಿದ್ದಳು. ಅವಳ ಸ್ವರಗಳ ನಡುವೆ, ಅವನು ಬಿಟ್ಟದ್ದನ್ನು, ಬಿಡುವ ಮೊದಲೇ ಗೊತ್ತಿದ್ದವಳಂತೆ ಎತ್ತಿಕೊಳ್ಳುತ್ತಿದ್ದಳು. ಅಷ್ಟೇ ಅಲ್ಲ, ಆ ಸ್ವರಗಳನ್ನು ಮಾತ್ರ ಕೈ ಸ್ವಲ್ಪ ಸರಿಸಿ, ಅವನು ಮೀಟುವ ಜಾಗದಲ್ಲಿ ಮೀಟಿ, ಅವನ ದನಿಯನ್ನೇ ಬರಿಸುತ್ತಿದ್ದಳು. ಕೇಳುವವರಿಗೆ ಒಂದಿಷ್ಟೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಜೀವಮಾನವಿಡೀ ತನ್ನದೇ ಎಂದುಕೊಂಡಿದ್ದ ದನಿ ಇಷ್ಟು ಸುಲಭಕ್ಕೆ ಇನ್ನೊಬ್ಬರ ಕೈಗೆ ಸಿಗುತ್ತದೆಯೇ? ಹಾಗಾದರೆ ಇವಳಿಗೆ ಗೊತ್ತು. ಎಂದಿನಿಂದ? ಯಾರು ಹೇಳಿದರು? ಕನ್ನಡಕದ ಅಂಗಡಿ, ಎರಡು ತಲೆಗಳು. ಅವನು ತಂತಿಗಳ ಮೇಲೆ ಅಂಗೈ ಬಡಿದು ನಿಲ್ಲಿಸಿದ.

‘ಏನು ಮಾಡ್ತಿದ್ದೀಯ ನೀನು?’

ಅವಳು ತಲೆಯೆತ್ತಿದಳು.

‘ನಿನ್ನ ಭಾಗ ಯಾವುದು, ನನ್ನ ಭಾಗ ಯಾವುದು ಗೊತ್ತಿಲ್ಲವಾ?’

‘ಗೊತ್ತು ಸರ್.’

‘ಮತ್ತೆ ನನ್ನ ಸ್ವರ ಯಾಕೆ ಕದೀತಿದ್ದೀಯ?’

ಮೈಕು ಚಾಲೂ ಇತ್ತು. ಕದಿಯುವ ಮಾತು ಸಭಾಂಗಣದ ಹಿಂದಿನ ಗೋಡೆಗೆ ಹೋಗಿ ತಾಗಿತು. ಕುರ್ಚಿ ಜೋಡಿಸುವವರು ನಿಂತರು. ಪ್ರಿನ್ಸಿಪಾಲರು ಫೋನು ಕೆಳಗಿಳಿಸಿ ಎದ್ದು ಬಂದರು. ‘ಏನಮ್ಮ, ನಿಜವಾ?’ ಅವಳು ಅವನ ಬಲಗೈಯ ಕಡೆ ನೋಡಲಿದ್ದಳು. ಕಣ್ಣು ಅರ್ಧ ದಾರಿ ಬಂದಿತ್ತು, ಅಲ್ಲಿಂದ ಹಿಂತಿರುಗಿ ಪ್ರಿನ್ಸಿಪಾಲರ ಮುಖದ ಮೇಲೆ ನಿಂತಿತು. ‘ಹೌದು ಸರ್. ತಪ್ಪಾಯ್ತು.’

‘ಯಾಕೆ ಹಾಗೆ ಮಾಡಿದೆ?’

ಮೈಕಿನ ಬಳಿಯಿಂದ ಪಿಟೀಲಿನವನು, ‘ಹೊಸ ಪೋಸ್ಟಿಗೆ ಅರ್ಜಿ ಹಾಕಿದ್ದಾಳಲ್ಲ, ಕೈಚಳಕ ತೋರಿಸೋಣ ಅಂತ ಇರಬಹುದು’ ಎಂದ. ಗಿಟಾರ್ ವಿಭಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳುತ್ತಿದ್ದಾರೆ ಎಂಬುದು ಅವನಿಗೆ ತಿಳಿದದ್ದು ಆಗಲೇ. ತನ್ನ ವಿಭಾಗ, ತನ್ನ ಶಿಷ್ಯೆ, ತನಗೊಬ್ಬನಿಗೇ ಗೊತ್ತಿಲ್ಲ. ಎಂದಿನಿಂದಲೋ ಅವನು ಶಂಕಿಸಿದ್ದೆಲ್ಲ ಒಂದೊಂದಾಗಿ ಬಂದು ತಂತಮ್ಮ ಜಾಗದಲ್ಲಿ ಕೂತವು, ಆ ಕ್ಷಣದಲ್ಲಿ ಒಂದು ಬಗೆಯ ನೆಮ್ಮದಿಯೂ ಆಯಿತು. ‘ಗುರುಗಳ ಸನ್ಮಾನದ ದಿನ ಗುರುಗಳ ತಲೆ ಮೇಲೇ ಸವಾರಿನಾ?’ ಎಂದರು ಪ್ರಿನ್ಸಿಪಾಲರು. ‘ನೀನು ಇವತ್ತು ನುಡಿಸೋದು ಬೇಡ. ಮನೆಗೆ ಹೋಗು. ಸರ್, ನೀವೊಬ್ಬರೇ ಏನಾದರೂ ನುಡಿಸಿಬಿಡಿ.’ ಎಡಚಿ ಗಿಟಾರನ್ನು ಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿ ಮಲಗಿಸಿ, ಕೊಂಡಿಗಳನ್ನು ಒಂದೊಂದಾಗಿ ಹಾಕಿದಳು. ಅವಳು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಅವನು ಕಾದ. ಕೊನೆಯ ಕೊಂಡಿಯೂ ಬಿತ್ತು. ತಾನೂ ಒಂದು ಮಾತು ಹೇಳಬಹುದಿತ್ತು ಎಂದು ಅವನಿಗೆ ಹೊಳೆದದ್ದು, ಅವಳು ಬಾಗಿಲು ದಾಟಿ, ಬಾಗಿಲು ಹಿಂದಕ್ಕೂ ಮುಂದಕ್ಕೂ ಆಡಿ ನಿಂತ ಮೇಲೆ.

ಮನೆಯ ದಾರಿಯಲ್ಲಿ ಅವಳ ಮೌನವನ್ನು ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ. ಯಾಕೆ ಹೇಳಲಿಲ್ಲ? ಒಳ್ಳೆಯತನವೇ? ಒಳ್ಳೆಯತನ ಅಷ್ಟು ಚುರುಕಾಗಿ ಇರುವುದಿಲ್ಲ. ನಾಳೆ ಬೇಕಾದಾಗ ತೆಗೆಯೋಣವೆಂದು ಇಟ್ಟುಕೊಂಡಿದ್ದಾಳೆ. ಇನ್ನು ಜೀವನವಿಡೀ ಇವಳ ಹಂಗಿನಲ್ಲಿ ಬದುಕಬೇಕು. ಎದುರು ಸಿಕ್ಕಾಗಲೆಲ್ಲ ಎದ್ದು ನಿಲ್ಲುತ್ತಾಳೆ, ಆ ನಿಲ್ಲುವುದರಲ್ಲೇ ಇರುತ್ತದೆ ಎಲ್ಲ.

ಹೆಂಡತಿ ಮಧ್ಯಾಹ್ನದ ಊಟಕ್ಕೆ ಅಂಗಡಿಯಿಂದ ಬಂದಿದ್ದಳು. ಅವನು ಚಪ್ಪಲಿ ಬಿಡುವ ಮೊದಲೇ ಕೇಳಿದ. ‘ಎಡಚಿಗೆ ನೀನೇ ಹೇಳಿದ್ದು ತಾನೆ?’

‘ಏನನ್ನ?’

ಏನನ್ನು ಎಂದು ಹೇಳಬೇಕಾದರೆ ಹೇಳಲೇಬೇಕಾಗುತ್ತದೆ ಎಂದು ಅವನು ಯೋಚಿಸಿರಲಿಲ್ಲ. ‘ನನ್ನ ಕೈ ವಿಷಯ’ ಎಂದ.

‘ನಿಮ್ಮ ಕೈಗೆ ಏನಾಗಿದೆ?’

‘ನಾಟಕ ಆಡಬೇಡ.’

ಅವಳು ತಟ್ಟೆ ಕೆಳಗಿಟ್ಟಳು. ‘ನಿಮ್ಮ ಕೈಗೆ ಏನಾಗಿದೆ ಅಂತ ನನಗೆ ಗೊತ್ತಿಲ್ಲ ರೀ. ನೀವು ನುಡಿಸ್ತಿಲ್ಲ ಅನ್ನೋದು ಮಾತ್ರ ಗೊತ್ತು. ದಿನಾ ಬೆಳಿಗ್ಗೆ ನಿಮ್ಮ ಗಿಟಾರಿನ ಮಧ್ಯದಲ್ಲಿ ಒಂದು ಲಾರಿ ಹಾರ್ನ್ ಹೊಡೆಯುತ್ತೆ. ಅದೇ ಜಾಗ, ಅದೇ ಹಾರ್ನು. ಮೊದಮೊದಲು ಕಿಟಕಿಯಲ್ಲಿ ಇಣುಕಿ ನೋಡ್ತಿದ್ದೆ, ರಸ್ತೆಯಲ್ಲಿ ಲಾರಿ ಇರ್ತಿರಲಿಲ್ಲ. ಈಗ ಅಭ್ಯಾಸ ಆಗಿದೆ. ಲಾರಿ ಹೋದ ಮೇಲೆ ನಿಮಗೆ ಎರಡನೇ ಕಾಫಿಗೆ ಇಡ್ತೀನಿ.’

ಅವನು ಕೂತ. ಆ ರೆಕಾರ್ಡಿಂಗನ್ನು ಅದೆಷ್ಟು ಬೆಳಗು ಕೇಳಿದ್ದರೂ ಲಾರಿ ಅವನ ಕಿವಿಗೆ ಬಿದ್ದಿರಲಿಲ್ಲ. ಅವನು ಸ್ವರಗಳನ್ನು ಮಾತ್ರ ಕೇಳುತ್ತಿದ್ದ. ‘ಗೊತ್ತಿದ್ದೂ ಯಾಕೆ ಕೇಳಲಿಲ್ಲ?’

‘ಏನಂತ ಕೇಳಲಿ? ಬಾಗಿಲು ಹಾಕಿಕೊಂಡು ಹಾಡು ಹಾಕಿ ಒಳಗೆ ಗಂಡಸು ಏನು ಮಾಡ್ತಾನೆ? ಯಾರ ಹತ್ರವೋ ಫೋನಲ್ಲಿ ಮಾತಾಡ್ತೀರಿ ಅಂದ್ಕೊಂಡೆ. ಬಾಗಿಲಿಗೆ ಕಿವಿ ಇಟ್ಟು ಕೇಳಿದ್ದೀನಿ, ಈ ವಯಸ್ಸಲ್ಲಿ.’ ಅವಳು ನಗಲು ನೋಡಿ ಬಿಟ್ಟಳು. ‘ಆ ಹುಡುಗಿಯೇ ಇರಬಹುದು ಅಂತಲೂ ಅಂದ್ಕೊಂಡಿದ್ದೆ. ಕನ್ನಡಕ ಬದಲಾಯಿಸೋಕೆ ಬಂದಿದ್ದಳಲ್ಲ, ಕಣ್ಣು ನೋಡೋ ನೆಪದಲ್ಲಿ ಅವಳ ಮುಖಾನೇ ನೋಡ್ತಾ ಕೂತಿದ್ದೆ. ಪಾಪ, ಅದಕ್ಕೆ ಏನೂ ಗೊತ್ತಿಲ್ಲ. ಮಗಳ ಹತ್ರ ಇದನ್ನೇ ಹೇಳ್ಕೊಂಡಿದ್ದೆ. ಅವಳು ದಿನಾ ಕೇಳ್ತಾಳೆ, ಅಪ್ಪ ಏನಾದರೂ ಹೇಳಿದರಾ ಅಂತ.’

ಹೀಗೆ, ಒಂದೇ ಬಾಗಿಲಿನ ಆಚೆ ಈಚೆ ಕೂತು ತಾವಿಬ್ಬರೂ ಒಂದೇ ಹುಡುಗಿಯ ಮೇಲೆ ಅನುಮಾನಪಟ್ಟಿದ್ದರು. ಅವನು ಬಲಗೈಯನ್ನು ಮೇಜಿನ ಮೇಲೆ ಇಟ್ಟು ಎಲ್ಲವನ್ನೂ ಹೇಳಿದ. ಸ್ಟುಡಿಯೋ, ಡಾಕ್ಟರು, ತರಗತಿ. ಅವಳು ಮಸೂರ ಪರೀಕ್ಷಿಸುವವಳ ಹಾಗೆ ಆ ಬೆರಳನ್ನು ಬೆಳಕಿಗೆ ಹಿಡಿದು, ಬಗ್ಗಿಸಿ, ನೆಟ್ಟಗೆ ಮಾಡಿ ನೋಡಿದಳು. ‘ಚೆನ್ನಾಗೇ ಇದೆಯಲ್ಲ.’

‘ತಂತಿ ಮುಂದೆ ಮಾತ್ರ ಹಾಗಾಗೋದು.’

‘ನಿಮ್ಮ ಹಾಗೇ. ಹೊರಗೆ ಹತ್ತು ಜನರ ಮುಂದೆ ನಗ್ತಾ ಇರ್ತೀರಿ, ಮನೆ ಹೊಸಿಲು ದಾಟಿದರೆ ಮಡಚಿಕೊಳ್ತೀರಿ.’ ಅವಳು ಕೈ ಬಿಡಲಿಲ್ಲ. ‘ಆ ಹುಡುಗಿ ಏನು ಮಾಡಿದಳು ಈಗ?’

ಬೆಳಗಿನದನ್ನೂ ಹೇಳಿದ. ಪ್ರಿನ್ಸಿಪಾಲರು ಮನೆಗೆ ಹೋಗು ಅಂದದ್ದರವರೆಗೆ ಬಂದಾಗ ಅವಳು ಕೈ ಬಿಟ್ಟಳು. ‘ನೀವು ಸುಮ್ಮನಿದ್ದಿರಾ?’

‘ಸುಮ್ಮನಿದ್ದೆ.’

ಅವಳು ತೊಳೆದಿದ್ದ ತಟ್ಟೆಯನ್ನು ತೆಗೆದುಕೊಂಡು ನಲ್ಲಿಯ ಕಡೆ ಹೋದಳು.

ಎಡಚಿಯ ಮನೆ ಒಂದು ಮಹಡಿಯ ಮೇಲಿತ್ತು. ಕೆಳಗೆ ಅವಳ ತಾಯಿಯ ಹೊಲಿಗೆ ಅಂಗಡಿ. ತಾಯಿ ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಮಿಷಿನ್ನಿನ ಹಿಂದೆ ಕೂತಿದ್ದವಳು, ಅವನನ್ನು ಕಂಡು ಕಾಲು ನಿಲ್ಲಿಸಿದಳು, ಎದ್ದು ಬರಲಿಲ್ಲ. ‘ಬೆಳಿಗ್ಗೆ ಹೊಸ ಬಟ್ಟೆ ಹಾಕ್ಕೊಂಡು ಹೋದವಳು ಬಂದು ಮೂಲೆ ಹಿಡಿದಿದ್ದಾಳೆ. ಬಾಯಿ ಬಿಡ್ತಿಲ್ಲ. ಏನು ಮಾಡಿದ್ರಿ ಮೇಷ್ಟ್ರೇ ನೀವು?’ ಏನು ಹೇಳಿದಿರಿ ಎಂದಲ್ಲ, ಏನು ಮಾಡಿದಿರಿ. ಅವಳ ಕಣ್ಣು ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆಯಿತು. ತಾನು ಎಲ್ಲರನ್ನೂ ನೋಡುತ್ತಿದ್ದದ್ದು ಹೀಗೆಯೇ ಇರಬೇಕು ಎಂದುಕೊಂಡ. ‘ಸ್ವಲ್ಪ ಕರೀತೀರಾ’ ಎಂದಷ್ಟೇ ಅಂದ.

ಹುಡುಗಿ ಇಳಿದು ಬಂದು ಮೆಟ್ಟಿಲ ಮೇಲೆ ನಿಂತಳು. ಈ ಸಲ ಅವಳು ಮೇಲೆ, ಅವನು ಕೆಳಗೆ.

‘ನಿನಗೆ ಹೇಗೆ ಗೊತ್ತಾಯ್ತು?’

‘ನೀವು ನುಡಿಸಿ ತೋರಿಸೋದು ನಿಲ್ಲಿಸಿದಾಗಲೇ ಅನಿಸಿತ್ತು ಸರ್. ಚಿಕ್ಕವಳಿದ್ದಾಗ ಎಡಗೈಲಿ ಬರೆದರೆ ಬೈತಾರೆ ಅಂತ ಕೈ ಬೆನ್ನ ಹಿಂದೆ ಇಟ್ಕೊಂಡಿರ್ತಿದ್ದೆ. ಕೈ ಬಚ್ಚಿಡೋರು ಹೇಗೆ ಕೂರ್ತಾರೆ ಅಂತ ನನಗೆ ಗೊತ್ತು.’

‘ಅಲ್ಲಿ ಯಾಕೆ ಹೇಳಲಿಲ್ಲ?’

‘ನೀವು ಹೇಳಿರಲಿಲ್ಲವಲ್ಲ.’

ಮಿಷಿನ್ನಿನ ಸದ್ದು ಇನ್ನೂ ಶುರುವಾಗಿರಲಿಲ್ಲ. ತಾಯಿ ಕೇಳಿಸಿಕೊಳ್ಳುತ್ತಿದ್ದಳು. ಅವನಿಗೆ ಇನ್ನೊಂದು ಮುಳ್ಳು ಉಳಿದಿತ್ತು. ‘ಪೋಸ್ಟಿಗೆ ಅರ್ಜಿ ಹಾಕಿದ್ದು ನಿಜವಾ?’

‘ನಿಜ ಸರ್.’

‘ನನ್ನ ಜಾಗಕ್ಕಾ?’

‘ನಿಮ್ಮ ಕೆಳಗಿನ ಜಾಗಕ್ಕೆ. ನಿಮ್ಮದು ಖಾಲಿಯಾದರೆ ಅದಕ್ಕೂ ಹಾಕ್ತೀನಿ. ಬೇರೆ ಯಾರೋ ಬರೋ ಬದಲು ನಾನು ಯಾಕೆ ಹಾಕಬಾರದು?’

ಬೆಳಗಿನಿಂದ, ಅಥವಾ ಅದಕ್ಕೂ ಬಹಳ ಹಿಂದಿನಿಂದ ಕೇಳಿದ ಮಾತುಗಳಲ್ಲಿ ತಾನು ಒಳಗೆ ಕೈ ಹಾಕಿ ತಡಕದೆ ಬಿಟ್ಟ ಮೊದಲ ಮಾತು ಇದು ಎಂದು ಅವನಿಗೆ ಅನಿಸಿತು. ತಡಕಲು ಅದರಲ್ಲಿ ಏನೂ ಇರಲಿಲ್ಲ. ‘ಸಂಜೆ ಬಾ, ನುಡಿಸು’ ಎಂದ.

‘ಎಲ್ಲರ ಮುಂದೆ ನಾನು ಹೌದು ಅಂದಿದ್ದೀನಿ ಸರ್. ಅದನ್ನ ಅಲ್ಲ ಅನ್ನೋದು ನನ್ನ ಕೈಲಿಲ್ಲ.’ ಇಷ್ಟು ಹೇಳಿ ಅವಳು ಮೆಟ್ಟಿಲು ಹತ್ತಿ ಹೋದಳು. ಕೆಳಗೆ ಮಿಷಿನ್ನು ಶುರುವಾಯಿತು.

ಪ್ರಿನ್ಸಿಪಾಲರು ಕಾಲೇಜಿನ ತಮ್ಮ ಕೋಣೆಯಲ್ಲಿ ಸಂಜೆಯ ಭಾಷಣವನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದರು. ಅವನು ನಿಂತುಕೊಂಡೇ ಹೇಳಿದ. ಆ ಹುಡುಗಿ ಕದಿಯಲಿಲ್ಲ, ನನ್ನ ಬೆರಳು ನುಡಿಸುತ್ತಿಲ್ಲ, ಬಿದ್ದ ಸ್ವರವನ್ನು ಅವಳು ಎತ್ತಿಕೊಟ್ಟಳು. ಪ್ರಿನ್ಸಿಪಾಲರು ಕನ್ನಡಕ ತೆಗೆದು, ಬಾಗಿಲು ಮುಚ್ಚಿದೆಯೇ ಎಂದು ನೋಡಿ, ದನಿ ತಗ್ಗಿಸಿದರು. ‘ಕೂತ್ಕೊಳ್ಳಿ. ಬೆಳಿಗ್ಗೆ ಎಲ್ಲರೆದುರು ಕದ್ದಳು ಅಂದವರು ನೀವು. ಮಧ್ಯಾಹ್ನಕ್ಕೆ ಇಲ್ಲ ಅಂತೀರಿ. ನಡುವೆ ಅವಳನ್ನ ನೋಡಿದ್ರಾ?’

‘ಮನೆಗೆ ಹೋಗಿದ್ದೆ.’

‘ಅವಳ ಮನೆಗೆ.’ ಅವರು ಆ ಮಾತನ್ನು ಮೇಜಿನ ಮೇಲೆ ಇಟ್ಟು ನೋಡಿದರು. ‘ತಪ್ಪು ತಿಳೀಬೇಡಿ ಸರ್. ಮರ್ಯಾದಸ್ಥರು ನೀವು. ಅವಳಿಗೋಸ್ಕರ ಇಲ್ಲದ ಕಾಯಿಲೆ ತಲೆ ಮೇಲೆ ಹಾಕ್ಕೊಳ್ತಿದ್ದೀರಾ? ಹೆಣ್ಣುಮಗು, ಪೋಸ್ಟಿನ ವಿಷಯ, ಜನ ನಾಲ್ಕು ಮಾತಾಡ್ತಾರೆ.’

ಅವನಿಗೆ ಕೋಪ ಬರಲಿಲ್ಲ. ಇದು ತನ್ನದೇ ಮನಸ್ಸು ಇನ್ನೊಂದು ಕುರ್ಚಿಯಲ್ಲಿ ಕೂತು ಮಾತಾಡಿದಂತಿತ್ತು. ಜೊತೆಗೆ ತಂದಿದ್ದ ಪೆಟ್ಟಿಗೆ ತೆರೆದು ಗಿಟಾರು ತೆಗೆದ, ಕಾಲುಮಣೆಯಿಲ್ಲದ್ದರಿಂದ ಕಾಲ ಮೇಲೆ ಕಾಲು ಹಾಕಿ ಕೂತ. ‘ನೋಡಿ’ ಎಂದು ಆ ಓಟವನ್ನು ನುಡಿಸಿದ. ಬೆರಳು ಮಡಚಲಿ, ಮಡಚಿ ತೋರಿಸಲಿ ಎಂದು ಬಯಸಿ ನುಡಿಸಿದ್ದು ಇದೇ ಮೊದಲು.

ಬೆರಳು ಮಡಚಲಿಲ್ಲ. ಸ್ವರಗಳು ಒಂದರ ಹಿಂದೊಂದು, ಬೆಳಿಗ್ಗೆ ಹಾಡಿನ ಪೆಟ್ಟಿಗೆಯಲ್ಲಿ ಕೇಳಿದ್ದಕ್ಕಿಂತ ಸ್ವಚ್ಛವಾಗಿ, ಮೆಟ್ಟಿಲು ಹತ್ತಿ ಇಳಿದವು. ಕೊನೆಯದು ಕೋಣೆಯ ಕಪಾಟಿನ ಗಾಜಿನಲ್ಲಿ ಸ್ವಲ್ಪ ಹೊತ್ತು ನಿಂತು ಹೋಯಿತು.

‘ಆಹಾ’ ಎಂದರು ಪ್ರಿನ್ಸಿಪಾಲರು, ನಿಜವಾಗಿಯೂ ಖುಷಿಯಾಗಿ. ‘ಏನೂ ಆಗಿಲ್ಲ ಸರ್ ನಿಮಗೆ. ಸನ್ಮಾನ ಅಂದರೆ ಎಂಥವರಿಗೂ ಹೆದರಿಕೆ. ಇದನ್ನೇ ಸಂಜೆ ನುಡಿಸಿ. ಆ ಹುಡುಗಿ ವಿಚಾರ ನನಗೆ ಬಿಡಿ.’

ಎರಡು ವರ್ಷದಿಂದ ಬಾಗಿಲಾಚೆ ನಿಂತಿದ್ದ ಯಾರೋ ಒಳಗೆ ಬಂದು ಕೂತಂತೆ ಅವನ ಕೈ ಬೆಚ್ಚಗಾಗಿತ್ತು. ಹೋಯಿತೇ? ವಾಸಿಯಾಯಿತೇ? ಹಾಗಾದರೆ ಇಲ್ಲಿಗೇ ನಿಲ್ಲಿಸಿ ಎದ್ದು ಹೋಗಬಹುದು. ಹೇಳುವುದನ್ನು ಹೇಳಿಯಾಗಿದೆ, ಅವರು ನಂಬಲಿಲ್ಲ, ಅದು ಅವರ ತಪ್ಪು. ಹುಡುಗಿಗೆ ಬೇರೆ ಕಡೆ ಎಲ್ಲಾದರೂ ಕೆಲಸ ಸಿಗುತ್ತದೆ. ಸಂಜೆ ಒಬ್ಬನೇ ಕೂತು ಇದನ್ನು ಹೀಗೇ ನುಡಿಸಿದರೆ, ಪಿಟೀಲಿನವನ ಉಪ್ಪಿನ ಮಾತು ಉಪ್ಪಾಗಿಯೇ ಕರಗಿಹೋಗುತ್ತದೆ. ಅವನು ಬೆರಳನ್ನು ನೋಡಿದ. ಅದು ತಂತಿಯ ಮೇಲೆ ಏನೂ ಅರಿಯದ ಮಗುವಿನಂತೆ ಮಲಗಿತ್ತು. ಲಂಚ ಕೊಡುತ್ತಿದೆ ಎನಿಸಿತು. ಇಷ್ಟು ದಿನ ನಿಜ ಬಚ್ಚಿಟ್ಟಾಗ ಬಯಲು ಮಾಡುತ್ತಿದ್ದದ್ದು, ನಿಜ ಹೇಳಲು ಬಂದಾಗ ಬಾಯಿ ಮುಚ್ಚಿಸುತ್ತಿದೆ.

‘ಇನ್ನೊಂದು ಸಲ ನೋಡಿ’ ಎಂದ.

‘ಬೇಡ ಬಿಡಿ ಸರ್, ಸಂಜೆಗೆ ಇಟ್ಟುಕೊಳ್ಳಿ.’

‘ಇನ್ನೊಂದು ಸಲ.’ ನುಡಿಸಿದ. ಅರ್ಧ ದಾರಿಯಲ್ಲಿ ಬೆರಳು ಸಣ್ಣಗೆ ಅದುರಿತು. ಅವನಿಗೆ ಒಳಗೆ ಅಳು ಬಂದಂತಾಯಿತು, ಆದರೂ ನಿಲ್ಲಿಸಲಿಲ್ಲ. ಮೂರನೆಯ ಸಲಕ್ಕೆ ಅದು ಮೆಲ್ಲಗೆ, ಎಂದಿನಂತೆ, ಅಂಗೈಯೊಳಗೆ ಹೋಗಿ ಮಲಗಿತು. ಓಟದಲ್ಲಿ ಹಲ್ಲು ಬಿದ್ದ ಬಾಯಿಯಂಥ ಸಂದುಗಳು ತೆರೆದವು. ಅವನು ಕೈಯನ್ನು ಹಾಗೆಯೇ ಹಿಡಿದು ತೋರಿಸಿದ. ಪ್ರಿನ್ಸಿಪಾಲರು ನೋಡಿದರು, ಆಮೇಲೆ ಕಣ್ಣು ಬೇರೆ ಕಡೆ ಸರಿಸಿದರು. ಯಾರಾದರೂ ಹೀಗೆ ಕಣ್ಣು ಸರಿಸುತ್ತಾರೆ ಎಂಬ ಭಯದಲ್ಲೇ ಅವನು ಇಷ್ಟು ದಿನ ಬದುಕಿದ್ದ. ಈಗ ಸರಿಸಿದರು. ಕಿಟಕಿಯ ಹೊರಗೆ ಯಾರೋ ಹೂವಿನ ಬುಟ್ಟಿ ಇಳಿಸುತ್ತಿದ್ದರು.

ಪ್ರಿನ್ಸಿಪಾಲರು ಕನ್ನಡಕ ಮತ್ತೆ ಹಾಕಿಕೊಂಡು, ‘ಹಾಗಾದರೆ ನಿಮ್ಮ ಆ ಆಲಿಸುವ ವಿಧಾನ?’ ಎಂದರು.

‘ನುಡಿಸೋಕೆ ಆಗದೆ ಹುಟ್ಟಿದ್ದು.’

‘ಅದನ್ನ ಮಾತ್ರ ಯಾರಿಗೂ ಹೇಳಬೇಡಿ’ ಎಂದು, ಫೋನನ್ನು ಅವನ ಕಡೆ ತಳ್ಳಿದರು. ಅವನು ಅದನ್ನು ತಿರುಗಿ ಅವರ ಕಡೆಗೇ ತಳ್ಳಿದ. ‘ಮನೆಗೆ ಹೋಗು ಅಂದವರು ನೀವು. ನೀವೇ ಕರೀರಿ. ಕದ್ದಿಲ್ಲ ಅಂತ ಸಂಜೆ ಮೈಕಿನಲ್ಲಿ ನಾನು ಹೇಳ್ತೀನಿ.’

ಹೇಳಿಯೂ ಹೇಳಿದ. ಚೆನ್ನಾಗಿ ಹೇಳಲಿಲ್ಲ. ತುಂಬಿದ ಸಭೆ, ಕೊರಳಲ್ಲಿ ಹಾರ, ಎರಡು ವಾಕ್ಯದಲ್ಲಿ ಮುಗಿಸಬೇಕೆಂದುಕೊಂಡದ್ದು ನಾಲ್ಕು ಕಡೆ ತಡವರಿಸಿತು. ‘ಬೆಳಿಗ್ಗೆ ನಾನು ಈಕೆಯ ಮೇಲೆ ಹೊರಿಸಿದ್ದು ಸುಳ್ಳು. ನನ್ನ ಬೆರಳೊಂದು ನುಡಿಸುವುದಿಲ್ಲ. ಅದರ ಕೆಲಸ ಈಕೆ ಮಾಡುತ್ತಾಳೆ’ ಎಂದು ಕೊನೆಗೆ ಹೇಳಿ ಕೂತಾಗ, ಸಭೆಗೆ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಹಿಂದೆ ಯಾರೋ ಒಂದೆರಡು ಜನ ತಟ್ಟಿ ನಿಲ್ಲಿಸಿದರು. ಪಿಟೀಲಿನವನು ಗೋಡೆಗೆ ಒರಗಿ ನಿಂತಿದ್ದ, ಮುಖದಲ್ಲಿ ಏನಿತ್ತೋ ಬೆಳಕಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಬಂದು ಕೂತಿದ್ದ ಎಡಚಿಯ ಕಡೆ ಬಾಗಿ ಅವನು, ‘ಕದ್ದು ನುಡಿಸಬೇಡ. ನನ್ನ ದನಿಯೂ ಬೇಡ. ನಿನ್ನ ದನಿಯಲ್ಲೇ ನುಡಿಸು’ ಎಂದ. ಅವಳು ತಲೆಯಾಡಿಸಿದಳು.

ಓಟ ಬಂತು. ಅವನು ಬಲಗೈಯನ್ನು ತಂತಿಯಿಂದ ಎತ್ತಿ, ಎಲ್ಲರಿಗೂ ಕಾಣುವಂತೆ, ದೀಪದ ಬೆಳಕಿನಲ್ಲಿ ಮಂಡಿಯ ಮೇಲೆ ಇಟ್ಟುಕೊಂಡ. ಪಕ್ಕದಿಂದ ಅವನ ಸ್ವರಗಳು ಬಂದವು, ಅವನು ಬರೆದವೇ, ಆದರೆ ಅವನು ಎಂದೂ ಕೇಳಿರದ ಹಾಗೆ, ಸ್ವಲ್ಪ ಒರಟಾಗಿ, ಯಾರಿಗೂ ಹೆದರದೆ. ಮುಂದಿನ ಸಾಲಿನಲ್ಲಿ ಹೆಂಡತಿ ಕೂತಿದ್ದಳು. ಅವಳ ಪಕ್ಕದಲ್ಲಿದ್ದ ಯಾರೋ ಬಾಗಿ ಪ್ರಿನ್ಸಿಪಾಲರ ಕಿವಿಯಲ್ಲಿ ಏನೋ ಹೇಳಿದರು, ಪ್ರಿನ್ಸಿಪಾಲರು ತುಟಿ ಬಿಗಿ ಹಿಡಿದು ತಲೆ ಅಲ್ಲಾಡಿಸಿದರು. ಏನೆಂದರು? ಕರುಣೆಯೋ, ನಗೆಯೋ, ಇನ್ನೆಷ್ಟು ದಿನ ಇವರು ಎಂಬ ಲೆಕ್ಕವೋ? ಅವನು ಕಿವಿ ನಿಮಿರಿಸಿದ, ಕುರ್ಚಿಯಲ್ಲಿ ಅರೆಬೆರಳಷ್ಟು ಮುಂದಕ್ಕೂ ಸರಿದ. ಅಷ್ಟರಲ್ಲಿ ಎಡಚಿಯ ಓಟ ಮುಗಿಯುತ್ತ ಬಂದಿತ್ತು, ಅದರ ಕೊನೆಗೆ ಅವನ ಹೆಬ್ಬೆರಳಿನ ಒಂದು ಮಂದ್ರ ಸ್ವರವಿತ್ತು, ಅದನ್ನು ಬೇರೆ ಯಾರೂ ನುಡಿಸುವಂತಿರಲಿಲ್ಲ. ತಪ್ಪಿಹೋಗುವಷ್ಟರಲ್ಲಿ ಕೈ ಎತ್ತಿ ಮೀಟಿದ.